ಕ್ಲೌಡ್ ವಿಪತ್ತು ಚೇತರಿಕೆ: ಭದ್ರತೆ ಮತ್ತು ಖಾಸಗಿತನ

ಬೆಂಕಿ, ನೆರೆ, ವಿದ್ಯುತ್ ವೈಫಲ್ಯ, ಯಂತ್ರದೋಷ ಅಥವಾ ಸೈಬರ್ ದಾಳಿಯಿಂದ ಕಂಪ್ಯೂಟರ್ ವ್ಯವಸ್ಥೆ ನಿಂತುಹೋದಾಗ, ದೂರದ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಪಡೆದ ಯಂತ್ರಗಳಲ್ಲಿ ಇರಿಸಿದ ಪ್ರತಿಯಿಂದ ಕೆಲಸವನ್ನು ಮತ್ತೆ ನಡೆಸುವ ಏರ್ಪಾಡಿಗೆ ಕ್ಲೌಡ್ ವಿಪತ್ತು ಚೇತರಿಕೆ ಎಂದು ಹೆಸರು. ಆ ಪ್ರತಿ ಕಳವಾಗದಂತೆ, ಯಾರೂ ಅದನ್ನು ತಿದ್ದದಂತೆ, ಅಳಿಸದಂತೆ ನೋಡಿಕೊಳ್ಳುವುದು ಅದರ ಭದ್ರತೆ. ಅದರಲ್ಲಿ ಹೆಸರಿರುವ ವ್ಯಕ್ತಿಯ ಮಾಹಿತಿ ಯಾರ ಕಣ್ಣಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲ ಸಿಗಬೇಕು ಎಂಬುದನ್ನು ಕಾಯುವುದು ಖಾಸಗಿತನ. ಈ ಲೇಖನ ವಿಷಯವನ್ನು ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ಸಂದರ್ಭದಲ್ಲಿಟ್ಟು ವಿವರಿಸುತ್ತದೆ.

ಪರಿಭಾಷೆ

ಬ್ಯಾಕಪ್ ಎಂದರೆ ದತ್ತಾಂಶದ ಪ್ರತಿ ಮಾತ್ರ. ಆ ಪ್ರತಿಯನ್ನು ಎಲ್ಲಿ ತೆರೆಯಬೇಕು, ಯಾವ ಯಂತ್ರದಲ್ಲಿ ಓಡಿಸಬೇಕು, ಯಾರು ಅಪ್ಪಣೆ ಕೊಡಬೇಕು, ಬಳಕೆದಾರರು ಹೊಸ ವಿಳಾಸಕ್ಕೆ ಹೇಗೆ ಬರಬೇಕು ಎಂಬುದೆಲ್ಲ ಸೇರಿದರೆ ವಿಪತ್ತು ಚೇತರಿಕೆ. ಸಣ್ಣ ಕಚೇರಿಗಳಲ್ಲಿ ಮೊದಲನೆಯದನ್ನೇ ಎರಡನೆಯದೆಂದು ತಿಳಿಯುವುದು ಸಾಮಾನ್ಯ.

ಚೇತರಿಕೆಗೆ ಎರಡು ಅಳತೆಗಳಿವೆ. ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ತಡೆದುಕೊಳ್ಳಬಹುದು ಎಂಬುದು ನಷ್ಟದ ಮಿತಿ, ಅಂದರೆ ಆರ್‌ಪಿಒ. ನಿಂತ ಕೆಲಸ ಎಷ್ಟು ಹೊತ್ತಿನೊಳಗೆ ಮತ್ತೆ ನಡೆಯಬೇಕು ಎಂಬುದು ಮರುಚಾಲನೆಯ ಗಡುವು, ಅಂದರೆ ಆರ್‌ಟಿಒ (ಸಾರಿಗೆ ಕಚೇರಿಗೆ ಬಳಸುವ ಇದೇ ಅಕ್ಷರಗಳಿಗೂ ಇದಕ್ಕೂ ಸಂಬಂಧವಿಲ್ಲ). ಒಂದು ಸಹಕಾರ ಸಂಘ ದಿನಾ ಸಂಜೆ 6 ಗಂಟೆಗೆ ಪ್ರತಿ ತೆಗೆಯುತ್ತದೆ ಎನ್ನೋಣ. ಮರುದಿನ ಸಂಜೆ 4 ಗಂಟೆಗೆ ಹಾರ್ಡ್ ಡಿಸ್ಕ್ ಕೆಟ್ಟರೆ ಆ ದಿನ ಕಟ್ಟಿಸಿಕೊಂಡ ಕಂತುಗಳ ಲೆಕ್ಕವೆಲ್ಲ ಹೋದಂತೆ. ಹಾಗಾಗಿ ಆ ಸಂಘದ ನಷ್ಟದ ಮಿತಿ 24 ಗಂಟೆ.

ಭದ್ರತೆಗೆ ಮೂರು ಅಂಗಗಳು: ಗೋಪ್ಯತೆ, ಅಖಂಡತೆ, ಲಭ್ಯತೆ. ಅಪ್ಪಣೆ ಇಲ್ಲದವರು ಓದಬಾರದು, ಯಾರೂ ಗುಟ್ಟಾಗಿ ತಿದ್ದಬಾರದು, ಬೇಕಾದಾಗ ಸಿಗಬೇಕು. ಖಾಸಗಿತನ ಇವುಗಳಲ್ಲಿ ಅಡಗುವುದಿಲ್ಲ. ಹತ್ತು ವರ್ಷದ ಹಿಂದೆ ಚಿಕಿತ್ಸೆ ಪಡೆದವರ ವಿವರವನ್ನು ಬಲವಾದ ಬೀಗ ಹಾಕಿ ಇಟ್ಟುಕೊಂಡ ಸಂಸ್ಥೆಯ ಭದ್ರತೆ ಚೆನ್ನಾಗಿದೆ ಎನ್ನಬಹುದು. ಆದರೆ ಆ ವಿವರ ಈಗ ಅದಕ್ಕೆ ಬೇಕಿಲ್ಲವಾದರೆ ಖಾಸಗಿತನ ಕೆಟ್ಟಿದೆ.

ಹಿನ್ನೆಲೆ

ಮೂಲದಿಂದ ದೂರದಲ್ಲಿ ಪ್ರತಿ ಇಡುವುದು ಹೊಸ ಯೋಚನೆಯಲ್ಲ. ಶಿವಮೊಗ್ಗ ಜಿಲ್ಲೆಯ ಶಾಸನಗಳ ಪಾಠವನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಮಾಡಿಸಿದರು. ಕಲ್ಲು ಸವೆದರೂ ಪಾಠ ಉಳಿಯುವಂತಾಯಿತು. ಕಂಪ್ಯೂಟರ್ ಯುಗದಲ್ಲಿ ಈ ಕೆಲಸ ವ್ಯಾಪಾರವಾಗಿ ಬೆಳೆದದ್ದು 1970ರ ದಶಕದ ಕೊನೆಗೆ. ಆಗ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸನ್‌ಗಾರ್ಡ್ ಸಂಸ್ಥೆ ಹಲವು ಕಂಪನಿಗಳು ಹಂಚಿಕೊಳ್ಳುವ ಬದಲಿ ಕಂಪ್ಯೂಟರ್ ಕೇಂದ್ರವನ್ನು ನಡೆಸತೊಡಗಿತು. 2006ರ ಮಾರ್ಚ್‌ನಲ್ಲಿ ಅಮೆಜಾನ್ ತನ್ನ ಎಸ್3 ಸಂಗ್ರಹ ಸೇವೆ ತೆರೆದ ಮೇಲೆ, ಸ್ವಂತ ಬದಲಿ ಕೇಂದ್ರ ಕಟ್ಟಲಾಗದ ಸಣ್ಣ ಸಂಸ್ಥೆಗೂ ದೂರದ ಪ್ರತಿ ಕೈಗೆಟುಕಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಜನಜೀವನಕ್ಕೆ ತಾಗಿದ್ದು ಜಮೀನಿನ ದಾಖಲೆಗಳ ಭೂಮಿ ಯೋಜನೆಯಿಂದ. 2000ದ ದಶಕದ ಆರಂಭದಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದು, ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಅಲ್ಲಿಯವರೆಗೆ ಗ್ರಾಮ ಲೆಕ್ಕಿಗರ ಪುಸ್ತಕ ನೆನೆದರೆ ಒಂದೆರಡು ಊರಿನ ದಾಖಲೆ ಹಾಳಾಗುತ್ತಿತ್ತು. ಈಗ ಒಂದು ಸರ್ವರ್ ನಿಂತರೆ ನಾಡಕಚೇರಿಯಿಂದ ನಾಡಕಚೇರಿಗೆ ಸಾಲು ನಿಲ್ಲುತ್ತದೆ. ಕೇಂದ್ರ ಸರ್ಕಾರದ ಕ್ಲೌಡ್ ಉಪಕ್ರಮ ಮೇಘರಾಜ್‌ನ ಅಡಿಯಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಕ್ಲೌಡ್ 2014ರ ಫೆಬ್ರುವರಿಯಲ್ಲಿ ಆರಂಭವಾಯಿತು. ಈ ಕೇಂದ್ರದ ರಾಷ್ಟ್ರೀಯ ಡೇಟಾ ಸೆಂಟರುಗಳು ದೆಹಲಿ, ಹೈದರಾಬಾದ್, ಪುಣೆ ಮತ್ತು ಭುವನೇಶ್ವರಗಳಲ್ಲಿವೆ.

ಶಿವಮೊಗ್ಗ ಮತ್ತು ಭದ್ರಾವತಿ: ದೂರದ ಪ್ರಶ್ನೆ

2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿಯದು 1.51 ಲಕ್ಷ. ನಡುವಿನ ಹಾದಿ ಸುಮಾರು 20 ಕಿ.ಮೀ. ಮೊದಲನೆಯದು ತುಂಗೆಯ ದಡದಲ್ಲಿದೆ, ಎರಡನೆಯದು ಭದ್ರೆಯ ದಡದಲ್ಲಿ. ಎರಡೂ ನದಿಗಳು ಕೂಡಲಿಯಲ್ಲಿ ಸೇರುತ್ತವೆ.

ಗಾಜನೂರಿನ ತುಂಗಾ ಅಣೆಕಟ್ಟೆಯ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಮುಂಗಾರಿನ ಮೊದಲ ಜೋರಿಗೇ ಅದು ತುಂಬುತ್ತದೆ. ಆಮೇಲೆ ಮೇಲಿನಿಂದ ಬಂದಷ್ಟನ್ನೂ ಕೆಳಗೆ ಬಿಡಬೇಕು. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುವಷ್ಟು ದೊಡ್ಡದು. ಆದರೆ ನೀರು ಪೂರ್ಣಮಟ್ಟವಾದ 186 ಅಡಿ ಮುಟ್ಟಿದ ಮೇಲೆ ಅಲ್ಲಿಂದ ಹೆಚ್ಚು ನೀರು ಬಿಟ್ಟರೆ ಭದ್ರಾವತಿಯ ನದಿಯಂಚಿನ ಬಡಾವಣೆಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳು ಜಲಾವೃತವಾದವು.

ಆದ್ದರಿಂದ ಶಿವಮೊಗ್ಗದ ಕಚೇರಿ ತನ್ನ ಪ್ರತಿಯನ್ನು ಭದ್ರಾವತಿಯ ಶಾಖೆಯಲ್ಲಿಟ್ಟರೆ ಕಟ್ಟಡ ಬದಲಾಗುತ್ತದೆ, ಅಪಾಯ ಬದಲಾಗುವುದಿಲ್ಲ. ಮಳೆ ಒಂದೇ, ವಿದ್ಯುತ್ ಪೂರೈಸುವ ಮೆಸ್ಕಾಂ ಒಂದೇ, ಮಳೆಗಾಲಕ್ಕೆ ಮುಂಚಿನ ಸಿಡಿಲೂ ಒಂದೇ. ಪ್ರತಿಯ ಪಾಡು ಮೂಲದ ಪಾಡಿಗಿಂತ ಬೇರೆಯಾಗಿರಬೇಕು ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಆ ದೂರ ಕ್ಲೌಡ್‌ನಿಂದ ಸಿಗುತ್ತದೆ. ಅಮೆಜಾನ್‌ನ ಭಾರತೀಯ ವಲಯಗಳು ಮುಂಬೈ ಮತ್ತು ಹೈದರಾಬಾದ್‌ನಲ್ಲಿವೆ, ಮೈಕ್ರೋಸಾಫ್ಟ್‌ನವು ಪುಣೆ, ಚೆನ್ನೈ ಮತ್ತು ಮುಂಬೈಯಲ್ಲಿ, ಗೂಗಲ್‌ನವು ಮುಂಬೈ ಮತ್ತು ದೆಹಲಿಯಲ್ಲಿ. ಮೂಲ ಮುಂಬೈಯಲ್ಲಿ, ಪ್ರತಿ ಹೈದರಾಬಾದಿನಲ್ಲಿ ಇದ್ದರೆ ದತ್ತಾಂಶ ದೇಶದ ಗಡಿ ದಾಟದೆ ಎರಡು ಬೇರೆ ಹವೆಗಳಲ್ಲಿ ಉಳಿಯುತ್ತದೆ.

ಮಲೆನಾಡಿನ ಅಂಚಿನ ಸಣ್ಣ ಕಚೇರಿಯ ಚಿತ್ರ ಇದಕ್ಕೆ ತೀರ ವಿರುದ್ಧ. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರ್, ಅದಕ್ಕೆ ಒತ್ತಿಕೊಂಡಂತೆ ಯುಪಿಎಸ್ ಬ್ಯಾಟರಿ, ಎದುರಿನ ಕಬ್ಬಿಣದ ಬೀರುವಿನಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಹಾರ್ಡ್ ಡಿಸ್ಕ್, ಬೀರುವಿನ ಬೀಗದ ಕೈ ಅದೇ ಮೇಜಿನ ಡ್ರಾಯರಿನಲ್ಲಿ. ಬ್ಯಾಟರಿಗೆ ಬೆಂಕಿ ಹತ್ತಿದರೂ, ನೀರು ಮೊಣಕಾಲೆತ್ತರ ಬಂದರೂ ಮೂಲ ಮತ್ತು ಪ್ರತಿ ಒಟ್ಟಿಗೇ ಹೋಗುತ್ತವೆ. ಕಳ್ಳನಿಗಂತೂ ಬೀರು ಒಡೆಯುವ ಶ್ರಮವೂ ಇಲ್ಲ.

ರಚನೆ

ದತ್ತಾಂಶ ಮೂಲದಿಂದ ಹೊರಟು ಪ್ರತಿಯಾಗಿ ಕೂತು ಮತ್ತೆ ಬಳಕೆಗೆ ಬರುವವರೆಗಿನ ದಾರಿಯಲ್ಲಿ ಹಲವು ಕಾವಲುಗಳಿವೆ. ಕಳಿಸುವ ಮೊದಲೇ ಅದನ್ನು ಗೂಢಲಿಪಿಗೆ ತಿರುಗಿಸುವುದು ಮೊದಲ ಕಾವಲು. ಇದಕ್ಕೆ ಹೆಚ್ಚಾಗಿ ಬಳಸುವುದು 2001ರಲ್ಲಿ ಅಮೆರಿಕ ಮಾನಕವಾಗಿ ಅಂಗೀಕರಿಸಿದ ಎಇಎಸ್ ವಿಧಾನ. ದಾರಿಯಲ್ಲಿ ಟಿಎಲ್‌ಎಸ್ ಎಂಬ ಇನ್ನೊಂದು ಹೊದಿಕೆ ಇರುತ್ತದೆ.

ಗೂಢಲಿಪಿಯ ಬಲವೆಲ್ಲ ಕೀಲಿಯಲ್ಲಿದೆ. ಕೀಲಿಯನ್ನು ಕ್ಲೌಡ್ ಕಂಪನಿಯೇ ಇಟ್ಟುಕೊಂಡರೆ ಅನುಕೂಲ ಹೆಚ್ಚು, ಗೋಪ್ಯತೆ ಕಡಿಮೆ. ಗ್ರಾಹಕ ಸಂಸ್ಥೆ ತಾನೇ ಇಟ್ಟುಕೊಂಡರೆ ಕಂಪನಿಯ ಸಿಬ್ಬಂದಿಗೂ ಪ್ರತಿ ಓದಲಾಗದು. ಆದರೆ ಕೀಲಿ ಕಳೆದರೆ ಪ್ರತಿ ಇದ್ದೂ ಇಲ್ಲದಂತೆ. ವಿಪತ್ತು ಚೇತರಿಕೆಯಲ್ಲಿ ಈ ಎರಡನೆಯ ಅಪಾಯಕ್ಕೆ ತೂಕ ಹೆಚ್ಚು, ಏಕೆಂದರೆ ಕೀಲಿ ಇದ್ದ ಕಂಪ್ಯೂಟರೇ ನೆರೆಯಲ್ಲಿ ಮುಳುಗಿರಬಹುದು. ಹಾಗಾಗಿ ಕೀಲಿಗೂ ಪ್ರತಿ ಬೇಕು, ಅದು ದತ್ತಾಂಶದ ಪ್ರತಿ ಇರುವ ಜಾಗದಲ್ಲಿ ಇರಬಾರದು. ಬ್ಯಾಂಕುಗಳೂ ಆಧಾರ್ ಸಂಖ್ಯೆ ಇಟ್ಟುಕೊಳ್ಳುವ ಸಂಸ್ಥೆಗಳೂ ಕೀಲಿಗೆಂದೇ ಮಾಡಿದ ಪ್ರತ್ಯೇಕ ಯಂತ್ರವನ್ನು ಬಳಸುತ್ತವೆ. ಆಧಾರ್ ಸಂಖ್ಯೆಗಳನ್ನು ಉಳಿದ ದತ್ತಾಂಶದಿಂದ ಬೇರ್ಪಡಿಸಿ, ಗೂಢಲಿಪಿಯಲ್ಲಿ, ಆಧಾರ್ ಡೇಟಾ ವಾಲ್ಟ್ ಎಂಬ ಕಪಾಟಿನಲ್ಲಿ ಇಡಬೇಕೆಂದು ವಿಶಿಷ್ಟ ಗುರುತು ಪ್ರಾಧಿಕಾರ 2017ರಲ್ಲಿ ಸೂಚಿಸಿತು.

ಸಂಗ್ರಹದಲ್ಲಿ ಮುಖ್ಯವಾದದ್ದು ಬದಲಿಸಲಾಗದ ಪ್ರತಿ. ಇಂತಿಷ್ಟು ದಿನ ಯಾರೂ, ಸ್ವತಃ ಆಡಳಿತಾಧಿಕಾರಿಯೂ, ಅಳಿಸಲಾಗದಂತೆ ಅದಕ್ಕೆ ಬೀಗ ಬಿದ್ದಿರುತ್ತದೆ. ಪ್ರವೇಶಕ್ಕೆ ಪಾಸ್‌ವರ್ಡ್ ಜೊತೆ ಎರಡನೆಯ ಪುರಾವೆ ಇರಬೇಕು. ಅಳಿಸುವಂಥ ಕೆಲಸಕ್ಕೆ ಇಬ್ಬರ ಒಪ್ಪಿಗೆ ಬೇಕು. ಯಾರು ಯಾವಾಗ ಏನು ತೆರೆದರು ಎಂಬ ದಾಖಲೆ ಬೇರೆಡೆ ಸೇರುತ್ತಿರಬೇಕು.

ವಿಧಗಳು

ಎಲ್ಲಕ್ಕಿಂತ ಅಗ್ಗದ್ದು ಪ್ರತಿಯನ್ನಷ್ಟೇ ಕ್ಲೌಡ್‌ನಲ್ಲಿಟ್ಟು, ಬೇಕಾದಾಗ ಯಂತ್ರ ಬಾಡಿಗೆ ಪಡೆದು ತುಂಬುವ ವಿಧಾನ. ಇದಕ್ಕೆ ಗಂಟೆಗಳಿಂದ ದಿನಗಳವರೆಗೆ ಹಿಡಿಯುತ್ತದೆ. ಪೈಲಟ್ ಲೈಟ್ ವಿಧಾನದಲ್ಲಿ ದತ್ತಾಂಶ ಮಾತ್ರ ಸದಾ ತಾಜಾ ಇರುತ್ತದೆ, ಉಳಿದ ಯಂತ್ರಗಳು ಆರಿರುತ್ತವೆ. ವಾರ್ಮ್ ಸ್ಟ್ಯಾಂಡ್‌ಬೈಯಲ್ಲಿ ಪೂರ್ತಿ ವ್ಯವಸ್ಥೆಯ ಚಿಕ್ಕ ರೂಪ ಓಡುತ್ತಲೇ ಇರುತ್ತದೆ. ನಾಲ್ಕನೆಯದರಲ್ಲಿ ಎರಡೂ ಕಡೆ ಪೂರ್ಣ ಪ್ರಮಾಣದ ಕೆಲಸ ನಡೆಯುತ್ತದೆ, ಖರ್ಚೂ ಹೆಚ್ಚುಕಡಿಮೆ ಇಮ್ಮಡಿ.

ವೇಗ ಹೆಚ್ಚಿದಷ್ಟೂ ಭದ್ರತೆ ಹೆಚ್ಚುತ್ತದೆ ಎನ್ನುವಂತಿಲ್ಲ. ಕ್ಷಣಕ್ಷಣಕ್ಕೂ ನಕಲಾಗುವ ವ್ಯವಸ್ಥೆಯಲ್ಲಿ ಮೂಲವನ್ನು ರಾನ್ಸಮ್‌ವೇರ್ (ದತ್ತಾಂಶಕ್ಕೆ ಬೀಗ ಜಡಿದು ಒತ್ತೆಹಣ ಕೇಳುವ ತಂತ್ರಾಂಶ) ಕೆಡಿಸಿದರೆ ಪ್ರತಿಯೂ ಅದೇ ಕ್ಷಣದಲ್ಲಿ ಕೆಡುತ್ತದೆ. ಆದ್ದರಿಂದ ತಾಜಾ ಪ್ರತಿಯ ಜೊತೆ ಹಳೆಯ ದಿನಗಳ ಪ್ರತಿಗಳೂ ಇರಬೇಕಾಗುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಹೊರಗೆ ಎಂಬ ಹಳೆಯ 3-2-1 ನಿಯಮ ಇಂದಿಗೂ ಬಳಕೆಯಲ್ಲಿದೆ.

ಭದ್ರತೆಯ ಅಪಾಯಗಳು

ಪ್ರತಿಗಳ ಕಾವಲು ಮೂಲದ ಕಾವಲಿಗಿಂತ ಸಡಿಲವಾಗಿರುತ್ತದೆ. ಈಚಿನ ವರ್ಷಗಳ ಹಲವು ದೊಡ್ಡ ಪ್ರಕರಣಗಳ ಎಳೆ ಇದೇ.

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ವಿದೇಶಿ ಕಂಪನಿಯ ಕ್ಲೌಡ್ ನಿಯಂತ್ರಣ ಫಲಕ ದಾಳಿಕೋರನ ಕೈಗೆ ಸಿಕ್ಕಿತು. ಮೂಲ ಮತ್ತು ಪ್ರತಿ ಎರಡಕ್ಕೂ ಒಂದೇ ಫಲಕ ಇದ್ದುದರಿಂದ ಎರಡರಲ್ಲೂ ಹೆಚ್ಚಿನ ಭಾಗ ಅಳಿಯಿತು, ಕಂಪನಿ ಮುಚ್ಚಿತು. 2022ರಲ್ಲಿ ಪಾಸ್‌ವರ್ಡ್ ಕಾಯುವ ಲಾಸ್ಟ್‌ಪಾಸ್ ಸಂಸ್ಥೆಯಿಂದ ಕಳುವಾದದ್ದು ಕ್ಲೌಡ್‌ನಲ್ಲಿದ್ದ ಬ್ಯಾಕಪ್. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕ್ಲೌಡ್‌ನ ಒಂದು ಡೇಟಾ ಸೆಂಟರ್ ಸುಟ್ಟಾಗ, ಬ್ಯಾಕಪ್‌ಗೆ ಹಣ ಕಟ್ಟಿದ್ದ ಕೆಲವರ ಪ್ರತಿಯೂ ಅದೇ ಕಟ್ಟಡದಲ್ಲಿ ಸುಟ್ಟುಹೋಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಲಿಥಿಯಂ ಬ್ಯಾಟರಿಯಿಂದ ಬೆಂಕಿ ಹತ್ತಿ, ಸರ್ಕಾರಿ ನೌಕರರು ಬಳಸುತ್ತಿದ್ದ 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಅದಕ್ಕೆ ಹೊರಗೆ ಪ್ರತಿ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ನ ವ್ಯವಸ್ಥೆ ಗೂಗಲ್ ಕ್ಲೌಡ್‌ನಲ್ಲಿನ ಒಂದು ತಪ್ಪು ಸಂರಚನೆಯಿಂದ ಅಳಿದುಹೋದಾಗ, ಬೇರೆ ಕಂಪನಿಯಲ್ಲಿ ಇಟ್ಟಿದ್ದ ಪ್ರತಿ ನೆರವಿಗೆ ಬಂತು.

ಭಾರತದಲ್ಲಿ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರುಗಳು ರಾನ್ಸಮ್‌ವೇರ್‌ಗೆ ತುತ್ತಾದವು. ಹೊರರೋಗಿ ಚೀಟಿಯಿಂದ ಪ್ರಯೋಗಾಲಯದ ವರದಿಯವರೆಗೆ ಎಲ್ಲವೂ ದಿನಗಟ್ಟಲೆ ಕೈಬರಹಕ್ಕೆ ಮರಳಿತು. ದಾಳಿ ತಲುಪದ ಒಂದು ಬ್ಯಾಕಪ್ ಸರ್ವರ್‌ನಿಂದ ರೋಗಿಗಳ ದತ್ತಾಂಶ ಮರಳಿ ಸಿಕ್ಕಿತು. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರಾನ್ಸಮ್‌ವೇರ್ ದಾಳಿಯಾಯಿತು. ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದಿದ್ದರಿಂದ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳೂ ಸೇರಿ ಸುಮಾರು 300 ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ನಿಂತವು. ಆಗಸ್ಟ್ 1ರಂದು ಸಂಪರ್ಕ ಮರಳಿತು. ಆ ಬ್ಯಾಂಕುಗಳ ಸ್ವಂತ ಕಟ್ಟಡಗಳಲ್ಲಿ ಏನೂ ಕೆಟ್ಟಿರಲಿಲ್ಲ. ವಿಪತ್ತು ಬಂದದ್ದು ಅವರು ನೆಚ್ಚಿಕೊಂಡವರ ಮನೆಗೆ.

ಪ್ರತಿ ಇದ್ದರೂ ಉಪಯೋಗಕ್ಕೆ ಬಾರದ ದಾಳಿಯೂ ಉಂಟು. 2025ರ ಆರಂಭದಲ್ಲಿ ಕರ್ನಾಟಕದ ನೋಂದಣಿ ತಂತ್ರಾಂಶ ಕಾವೇರಿ 2.0ರ ಮೇಲೆ ನಕಲಿ ಕೋರಿಕೆಗಳನ್ನು ಸುರಿದು ಉಸಿರುಗಟ್ಟಿಸುವ ಡಿಡಾಸ್ ದಾಳಿ ನಡೆದು, ಉಪನೋಂದಣಿ ಕಚೇರಿಗಳಲ್ಲಿ ಕೆಲಸ ಸ್ಥಗಿತವಾಯಿತು. ಇಂಥ ದಾಳಿಯಲ್ಲಿ ದತ್ತಾಂಶಕ್ಕೆ ಏನೂ ಆಗಿರುವುದಿಲ್ಲ, ಬಾಗಿಲು ಕಟ್ಟಿರುತ್ತದೆ. ಬದಲಿ ಕೇಂದ್ರಕ್ಕೆ ಹೋದರೂ ನಕಲಿ ಕೋರಿಕೆಗಳು ಹಿಂಬಾಲಿಸುತ್ತವೆ. ಇದಕ್ಕೆ ಬೇಕಾದದ್ದು ಸೋಸುವ ವ್ಯವಸ್ಥೆ.

ಇನ್ನೊಂದು ಅಪಾಯ ಸದ್ದಿಲ್ಲದ್ದು. ಮೂಲದ ಯಂತ್ರಗಳಿಗೆ ಕಾಲಕಾಲಕ್ಕೆ ಭದ್ರತಾ ತೇಪೆ ಹಾಕುತ್ತಾರೆ, ಆರಿಸಿಟ್ಟ ಬದಲಿ ಯಂತ್ರಗಳಿಗೆ ಹಾಕುವುದು ಮರೆಯುತ್ತದೆ. ವಿಪತ್ತಿನ ದಿನ ಎಬ್ಬಿಸಿದಾಗ ಅವು ವರ್ಷದ ಹಿಂದಿನ ದೋಷಗಳೊಂದಿಗೆ ಎದ್ದುಬರುತ್ತವೆ.

ಖಾಸಗಿತನದ ತೊಡಕುಗಳು

ಭದ್ರತೆಯ ತೊಡಕು ಹೆಚ್ಚಾಗಿ ಹೊರಗಿನವರಿಂದ. ಖಾಸಗಿತನದ ತೊಡಕು ಚೇತರಿಕೆಯ ಸ್ವಭಾವದಲ್ಲೇ ಇದೆ. ಎಲ್ಲವನ್ನೂ ಉಳಿಸುವುದು ಬ್ಯಾಕಪ್‌ನ ಧರ್ಮ, ಬೇಡವಾದದ್ದನ್ನು ಮರೆಯುವುದು ಖಾಸಗಿತನದ ಬೇಡಿಕೆ.

ಸಾಲ ತೀರಿಸಿದ ಸದಸ್ಯರೊಬ್ಬರು ತಮ್ಮ ವಿವರ ಅಳಿಸಿ ಎಂದು ಕೇಳಿದರು, ಸಂಘ ಅಳಿಸಿತು ಎಂದಿಟ್ಟುಕೊಳ್ಳಿ. ಕಳೆದ ತಿಂಗಳ ಪ್ರತಿಯಲ್ಲಿ ಅದು ಇನ್ನೂ ಇದೆ. ಮುಂದಿನ ವಾರ ಸರ್ವರ್ ಕೆಟ್ಟು ಆ ಪ್ರತಿಯಿಂದ ಮರುಸ್ಥಾಪನೆ ಮಾಡಿದರೆ ಅಳಿಸಿದ ವಿವರ ಮತ್ತೆ ಬದುಕುತ್ತದೆ. ಕೆಲಸದಿಂದ ತೆಗೆದ ಗುಮಾಸ್ತರ ಲಾಗಿನ್ ಕೂಡ ಅದರ ಜೊತೆಗೇ ಬದುಕುತ್ತದೆ. ಪರಿಹಾರವಾಗಿ ಅಳಿಸಿದವರ ಪಟ್ಟಿಯನ್ನೂ ರದ್ದಾದ ಲಾಗಿನ್‌ಗಳ ಪಟ್ಟಿಯನ್ನೂ ಪ್ರತಿಯ ಹೊರಗೆ ಇಟ್ಟುಕೊಂಡು, ಮರುಸ್ಥಾಪನೆಯಾದ ಕೂಡಲೇ, ಜನರಿಗೆ ಬಾಗಿಲು ತೆರೆಯುವ ಮೊದಲು, ಮತ್ತೊಮ್ಮೆ ಜಾರಿ ಮಾಡುತ್ತಾರೆ. ಬದಲಿಸಲಾಗದ ಪ್ರತಿಯೊಳಗಿನ ಒಬ್ಬರ ವಿವರವನ್ನಷ್ಟೇ ಅಳಿಸಲು ಇನ್ನೊಂದು ಉಪಾಯವಿದೆ. ಪ್ರತಿ ವ್ಯಕ್ತಿಯ ಭಾಗಕ್ಕೂ ಬೇರೆ ಕೀಲಿ ಕೊಟ್ಟು, ಬೇಕಾದಾಗ ಆ ಕೀಲಿಯನ್ನೇ ನಾಶ ಮಾಡುವುದು. ಅಕ್ಷರಗಳು ಉಳಿದರೂ ಯಾರೂ ಓದಲಾರರು.

ಚೇತರಿಕೆಯ ಅಣಕು ಪರೀಕ್ಷೆಯೂ ಸೋರಿಕೆಯ ದಾರಿ. ಪರೀಕ್ಷೆಗೆಂದು ನಿಜವಾದ ರೋಗಿಗಳ, ಖಾತೆದಾರರ ದತ್ತಾಂಶವನ್ನು ಗುತ್ತಿಗೆದಾರರ ಯಂತ್ರದಲ್ಲಿ ತೆರೆದು, ಮುಗಿದ ಮೇಲೆ ಅಲ್ಲೇ ಬಿಟ್ಟುಬರುವುದುಂಟು. ಹೆಸರು, ಫೋನ್ ಸಂಖ್ಯೆಗಳನ್ನು ಮರೆಮಾಡಿದ ದತ್ತಾಂಶದಿಂದ ಪರೀಕ್ಷಿಸುವುದು, ಮುಗಿದ ಕೂಡಲೇ ಅಳಿಸಿ ದಾಖಲಿಸುವುದು ಸರಿಯಾದ ಕ್ರಮ. ತುರ್ತಿನ ಹೊತ್ತಿಗೆಂದು ಮೀಸಲಿಟ್ಟ ಸರ್ವಾಧಿಕಾರದ ಲಾಗಿನ್ ಕೂಡ ಇಂಥದ್ದೇ. ಅದರ ಪಾಸ್‌ವರ್ಡನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು, ಒಡೆದಾಗಲೆಲ್ಲ ಬದಲಿಸಬೇಕು.

ಕಾನೂನು

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಸಾಕಷ್ಟು ಭದ್ರತಾ ಕ್ರಮ ಕೈಗೊಳ್ಳದ ಸಂಸ್ಥೆಗೆ ಅದರಲ್ಲಿ 250 ಕೋಟಿ ರೂಪಾಯಿವರೆಗೆ ದಂಡವಿದೆ. ಕಂಪನಿಗೆ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಹೊಣೆ ವರ್ಗವಾಗುವುದಿಲ್ಲ, ದತ್ತಾಂಶ ಪಡೆದ ಸಂಸ್ಥೆಯೇ ಉತ್ತರ ಕೊಡಬೇಕು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಗೂಢಲಿಪಿ, ಪ್ರವೇಶ ನಿಯಂತ್ರಣ ಮತ್ತು ಲಾಗ್‌ಗಳ (ಯಾರು ಯಾವಾಗ ಏನು ತೆರೆದರು ಎಂಬ ದಾಖಲೆಗಳ) ಜೊತೆ ಬ್ಯಾಕಪ್ಪನ್ನೂ ಭದ್ರತಾ ಕ್ರಮವೆಂದೇ ಹೆಸರಿಸಿವೆ.

ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದು ದೇಶದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶಿಸಿತು. ಪಾವತಿ ದತ್ತಾಂಶ ಭಾರತದಲ್ಲೇ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ 6ರ ಆದೇಶ. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಅದರ ಇನ್ನೊಂದು ನಿರ್ದೇಶನದಂತೆ, ಅದರ ವ್ಯಾಪ್ತಿಗೆ ಬರುವ ಬ್ಯಾಂಕುಗಳು ಮುಖ್ಯ ವ್ಯವಸ್ಥೆಗಳ ಚೇತರಿಕೆ ಪರೀಕ್ಷೆಯನ್ನು ಆರು ತಿಂಗಳಿಗೊಮ್ಮೆಯಾದರೂ ನಡೆಸಬೇಕು.

ಎರಡು ನಗರಗಳಲ್ಲಿ ದತ್ತಾಂಶದ ಬಗೆಗಳು

ಯಾವ ದತ್ತಾಂಶಕ್ಕೆ ಯಾವ ಕಾವಲು ಎಂಬುದು ಅದರ ಗುಣದ ಮೇಲೆ ನಿಲ್ಲುತ್ತದೆ. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. 9ನೆಯ ಅಂಕಣದಲ್ಲಿ ಒಡೆಯರ ಹೆಸರು, 11ರಲ್ಲಿ ಋಣದ ವಿವರ ಇರುತ್ತವೆ. ಅಲ್ಲಿ ಗೋಪ್ಯತೆಗಿಂತ ಅಖಂಡತೆ ದೊಡ್ಡದು. ಮರುಸ್ಥಾಪನೆಯ ಗದ್ದಲದಲ್ಲಿ ಒಂದು ಹೆಸರು ಬದಲಾದರೆ ಒಂದು ಕುಟುಂಬದ ಜಮೀನು ಕೈತಪ್ಪಬಹುದು. ಪಹಣಿಗೆ ಜೋಡಿಸಿದ ಆಧಾರ್ ವಿವರಕ್ಕಾದರೋ ಪೂರ್ಣ ಗೋಪ್ಯತೆ ಬೇಕು. ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ರಾಜ್ಯದಲ್ಲಿ ಆರಂಭವಾಗಿದೆ. ಗೆದ್ದಲು, ಬೂಷ್ಟು ಹಿಡಿದ ಕಡತಗಳಿಗೂ ಇದರಿಂದ ಒಂದು ಪ್ರತಿ ಸಿಗುತ್ತದೆ.

ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಗೋಪ್ಯತೆ ಮತ್ತು ಲಭ್ಯತೆ ಎರಡೂ ಒಟ್ಟಿಗೇ ಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಅಂಕಪಟ್ಟಿಗಳಿಗೆ ಬೇಕಾದದ್ದು ದಶಕಗಳುದ್ದದ ಅಖಂಡತೆ. ಅಡಿಕೆ ಮಂಡಿಯ ಖಾತೆ ಹೊರನೋಟಕ್ಕೆ ಬರೀ ವ್ಯಾಪಾರದ ಲೆಕ್ಕ: ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಚೀಲಗಳ ಎಣಿಕೆ, ದರ, ತೂಕ. ಅದೇ ಸಾಲಿನ ಕೊನೆಗೆ ಬೆಳೆಗಾರ ಪಡೆದ ಮುಂಗಡವೂ ಇರುತ್ತದೆ. ಯಾವ ಮನೆ ಎಷ್ಟು ಸಾಲದಲ್ಲಿದೆ, ಯಾರಿಗೆ ಬೇಗ ಮಾರುವ ಒತ್ತಡವಿದೆ ಎಂಬುದು ಆ ಪ್ರತಿ ಸಿಕ್ಕವರಿಗೆ ತಿಳಿಯುತ್ತದೆ.

ಭದ್ರಾವತಿಯದು ಇನ್ನೊಂದು ಬಗೆ. 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಹುಟ್ಟಿದ ವಿಐಎಸ್‌ಎಲ್ ಮತ್ತು 1936ರಲ್ಲಿ ಸ್ಥಾಪನೆಯಾಗಿ ಈಗ ಉತ್ಪಾದನೆ ನಿಲ್ಲಿಸಿರುವ ಮೈಸೂರು ಕಾಗದ ಕಾರ್ಖಾನೆ ತಲೆಮಾರುಗಟ್ಟಲೆ ಜನರಿಗೆ ಕೆಲಸ ಕೊಟ್ಟವು. ಇಂಥ ಕಾರ್ಖಾನೆಯ ಯಂತ್ರ ನಿಂತರೂ ಸೇವಾ ದಾಖಲೆ, ಭವಿಷ್ಯನಿಧಿಯ ಲೆಕ್ಕ, ಆಸ್ಪತ್ರೆ ಕಾರ್ಡುಗಳು ನಿವೃತ್ತರಿಗೂ ಅವರ ವಿಧವೆಯರಿಗೂ ಬೇಕು. ಸಂಸ್ಥೆ ಮುಚ್ಚುವಾಗ ಕ್ಲೌಡ್ ಬಾಡಿಗೆ ನಿಂತರೆ ಪ್ರತಿ ಅಳಿಯುತ್ತದೆ. ಯಾರೂ ಗಮನಿಸದೆ ಬಾಡಿಗೆ ಮುಂದುವರಿದರೆ ಪ್ರತಿ ಕಾವಲಿಲ್ಲದೆ ಉಳಿಯುತ್ತದೆ. ಸಂಸ್ಥೆಯ ಮುಕ್ತಾಯದ ನಂತರ ಕೀಲಿ ಯಾರ ಕೈಗೆ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕಾಗುತ್ತದೆ.

ಇಂದಿನ ಸ್ಥಿತಿ

ದೊಡ್ಡ ಬ್ಯಾಂಕು ಮತ್ತು ರಾಜ್ಯಮಟ್ಟದ ಇಲಾಖೆಗಳ ಚೇತರಿಕೆ ವ್ಯವಸ್ಥೆ ಬೆಂಗಳೂರು ಅಥವಾ ಅದರಾಚೆಯ ಡೇಟಾ ಸೆಂಟರುಗಳಿಂದ ನಡೆಯುತ್ತದೆ. ಸ್ಥಳೀಯ ಕಚೇರಿಗೆ ಉಳಿಯುವುದು ಲಾಗಿನ್ ಕಾಯುವುದು, ಸಂಪರ್ಕ ಕಡಿದಾಗ ಕೈಬರಹದ ರಶೀದಿಯಲ್ಲಿ ಕೆಲಸ ನಡೆಸಿ ನಂತರ ತುಂಬುವುದು. ಸ್ವಂತ ತಂತ್ರಾಂಶ ಇಟ್ಟುಕೊಂಡ ಸಹಕಾರ ಸಂಘ, ನರ್ಸಿಂಗ್ ಹೋಮ್, ಶಾಲೆ, ಮಂಡಿಗಳ ಹೊಣೆ ಅವರದೇ.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಸ್ಥಿತಿ ಬದಲಾಗುತ್ತಿದೆ. 63,000 ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮೂಲಕ ಬರುವ ಕ್ಲೌಡ್ ಆಧಾರಿತ ಸಾಮಾನ್ಯ ತಂತ್ರಾಂಶ, ಸೈಬರ್ ಭದ್ರತೆ ಮತ್ತು ದತ್ತಾಂಶ ಸಂಗ್ರಹ ಇದರ ಭಾಗಗಳು. ಬೀರುವಿನ ಹಾರ್ಡ್ ಡಿಸ್ಕಿನ ಕಾಲ ಇದರಿಂದ ಮುಗಿಯುತ್ತದೆ. ಜೊತೆಗೆ, ಸಾವಿರಾರು ಸಂಘಗಳ ರೈತರ ಸಾಲದ ಖಾತೆಗಳು ಒಂದೇ ವ್ಯವಸ್ಥೆಯ ಅಡಿಗೆ ಬರುತ್ತವೆ. ವೈಯಕ್ತಿಕ ದತ್ತಾಂಶ ಕಾಯ್ದೆಯ ಮುಖ್ಯ ಬಾಧ್ಯತೆಗಳು ನಿಯಮ ಪ್ರಕಟವಾದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಲಿವೆ.